ನಾನು ಹಾಕಿಸಿಕೊಳ್ಳದ ಇಂಜೆಕ್ಷನ್

ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ನಲವತ್ತು ವರ್ಷ ದಾಟಿಸಿದೆ. ಇವತ್ತು ಬರೆದೇ ಬಿಡುತ್ತೇನೆ.

ಎಂಬತ್ತರ ದಶಕದ ಆರಂಭ. ದಂಡಿನಶಿವರದ ನಮ್ಮ ತೋಟದಲ್ಲಿ ಕೊಬ್ಬರಿಕಾಯಿ ಸುಲಿಯುತ್ತಿದ್ದೆ. ನೆಲಕ್ಕೆ ನೆಟ್ಟ ಹಾರೆಯ ಮೊನೆ ಅಂಗೈಗೆ ಹೊಕ್ಕಿತು. ತಿಪಟೂರಿನ ಆಸ್ಪತ್ರೆಯಲ್ಲಿ ಎಳೆಯ ನರ್ಸೊಬ್ಬಳು ಗಾಯ ತೊಳೆದು ಬ್ಯಾಂಡೇಜ್ ಕಟ್ಟಿದಳು. ಅವಳು ಟಿ.ಟಿ. ಇಂಜೆಕ್ಷನ್ ತುಂಬಿಕೊಂಡು ಬರುವಷ್ಟರಲ್ಲಿ ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ. ಸೂಜಿ ಎಂದರೆ ನನಗೆ ಅಷ್ಟು ಭಯ! ಊರಿಗೆ ಬಂದು, ಬ್ಯಾಂಡೇಜ್ ಬಿಚ್ಚಿ, ತೆಂಗಿನ ನಾರು ಸುಟ್ಟ ಬೂದಿಯನ್ನು ಸಗಣಿಯಲ್ಲಿ ಕಲಸಿ ಮೆತ್ತಿಕೊಂಡೆ. ನಮ್ಮಪ್ಪ ಮಾಡುತ್ತಿದ್ದದ್ದೂ ಅದೇ.

ವಾರ ಕಳೆದಿತ್ತು. ಬೆಳಿಗ್ಗೆ ಎಲೆ ಅಡಿಕೆ ಹಾಕಿಕೊಳ್ಳಲು ಹೋದೆ.

ಬಾಯಿ ತೆರೆಯಲಿಲ್ಲ.

"ಧನುರ್ವಾಯು. ಟಿ.ಟಿ. ಹಾಕಿಸ್ಕೊಂಡಿರ್ಲಿಲ್ವೇನ್ರೀ?" ತಿಪಟೂರಿನ ಅದೇ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಕಚ್ಚಿಕೊಂಡ ಹಲ್ಲುಗಳ ನಡುವೆಯೇ ಹೇಳಿದೆ: "ಆ ನರ್ಸಮ್ಮ ಕೊಡ್ಲೇ ಇಲ್ಲ."

ಡಾಕ್ಟರು ಆ ನರ್ಸ್ ಹುಡುಗಿಯನ್ನು ಕರೆಸಿ ಕೂಗಾಡಿದರು. ಆ ಸದ್ದಿಗೇ ನನ್ನ ಬೆನ್ನು ಬಿಲ್ಲಿನಂತೆ ಸೆಟೆದುಕೊಂಡಿತು.

"ಸಾರ್, ಸದ್ದು ಬೇಡ. ಮೊದ್ಲು ಜೀವ ಉಳೀಲಿ. ವಾರ್ಡು ನಂದು, ಆಮೇಲೆ ನನ್ನನ್ನ ಕೇಳಿ," ಎಂದರು ಹೆಡ್ ಸಿಸ್ಟರ್.

ಬೆಳಕು, ಸದ್ದು ತಾಕಿದರೆ ಮೈ ಮತ್ತೆ ಸೆಟೆಯುತ್ತದೆಂದು ಕಿಟಕಿಗೆ ಕರಿಕಂಬಳಿ ಬಿತ್ತು. ಎಲ್ಲರ ಚಪ್ಪಲಿ ಹೊರಗೆ ಹೋದವು. ಬಕೆಟ್ಟಿನ ಹಿಡಿಗೂ ಬಟ್ಟೆ ಸುತ್ತಿಸಿದರು. ಗಾಯ ತೊಳೆಯುವಾಗ ಬೂದಿ ಕಂಡು ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಆ ಹುಡುಗಿಗೆ ಪಿಸುಗುಟ್ಟಿದ್ದು ಮಾತ್ರ ಕೇಳಿಸಿತು: "ಈಗ ರಜಾ ಹಾಕಿದ್ರೆ ತಪ್ಪು ನಿಂದೇ ಅಂತಾರೆ ಕಣೇ. ಈ ಪೇಷಂಟ್‌ನ ನೀನೇ ನೋಡ್ಕೊ. ಕೈ ನಡುಗಿದ್ರೆ ಕರಿ, ಪಕ್ಕದಲ್ಲೇ ಇರ್ತೀನಿ."

ಆ ಹುಡುಗಿಯೇ ನೋಡಿಕೊಂಡಳು. ಟ್ಯೂಬಿನಲ್ಲಿ ಗಂಜಿ ಇಳಿಸಿದಳು, ಮಗ್ಗುಲು ತಿರುಗಿಸಿದಳು.

ಇಪ್ಪತ್ತನೇ ದಿನ ಬಾಯಿ ತೆರೆಯಿತು! ಮೊದಲು ಒಂದು ಬೆರಳಿನಷ್ಟು, ಆಮೇಲೆ ಎರಡು! ಎಳನೀರು ನಾಲಿಗೆಗೆ ಬಿದ್ದಾಗ ಜೋರಾಗಿ ನಕ್ಕುಬಿಟ್ಟೆ. ವಾರ್ಡಿಗೆ ವಾರ್ಡೇ ನಕ್ಕಿತು.

"ಏನ್ ಯಜಮಾನ್ರೇ, ಹಾರೆಗೆ ಹೆದರದೋರು ಸೂಜಿಗೆ ಓಡೋದ್ರಾ?" ಹೆಡ್ ಸಿಸ್ಟರ್ ಮೆಲ್ಲಗೆ ಕೇಳಿದರು.

ಅವರಿಗೆ ಎಲ್ಲ ಗೊತ್ತಿತ್ತು.

"ಅವತ್ತೇ ಯಾಕೆ ಕೇಳ್ಲಿಲ್ಲ ತಾಯಿ?"

"ಹೆದರಿದ್ರಿ. ಹೆದರಿದೋರ್ನ ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಾರೆ. ಆ ಹುಡುಗಿ ಮೇಲೆ ಡಾಕ್ಟರು ಬರೆದ ರಿಪೋರ್ಟ್ ಇನ್ನೂ ಅವರ ಮೇಜಿನ ಮೇಲಿದೆ. ಅದು ಮೇಲಿನೋರಿಗೆ ಹೋದ್ರೆ ಅವಳ ಕೆಲ್ಸ ಹೋಯ್ತು."

ಗೋಡೆ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ನಡೆದು ನಿಜ ಹೇಳಿದೆ. ಅವರು ಬೈದರು, ಆ ರಿಪೋರ್ಟಿನ ಕಾಗದ ಹರಿದರು. ಆ ಹರಿದ ಸದ್ದಿಗೆ ಕುಣಿಯಬೇಕೆನಿಸಿತು!

ಡಿಸ್ಚಾರ್ಜಿನ ದಿನ ಡಾಕ್ಟರಿಗೆ ಕೈಮುಗಿದೆ. ಹೆಡ್ ಸಿಸ್ಟರ್ ಕಾಲಿಗೇ ಬಿದ್ದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಮಾತ್ರ, ನನ್ನ ಮಗಳ ವಯಸ್ಸಿನವಳು ಎಂಬ ಬಿಗುಮಾನದಲ್ಲಿ, "ಬತ್ತೀನಿ ಕಣಮ್ಮ" ಎಂದೆ. ಅಷ್ಟೇ.

"ಕೈ ಹುಷಾರು," ಎಂದಳು.

ಇಂದಿಗೂ ಬೆಳಿಗ್ಗೆ ಆಕಳಿಸಿದರೆ ಖುಷಿ ಉಕ್ಕುತ್ತದೆ. ತಪ್ಪಾಯ್ತು ಎಂದು ನಾನು ಹೇಳದೆ ಬಂದ ಆ ಹುಡುಗಿಯ ಹೆಸರು ಸರೋಜ.