ಬದಾಮಿ ಗಿಡದ ಬೇಸಿಗೆ

ಆಗಿನ್ನೂ ನಮ್ಮೂರಿನ ಮಕ್ಕಳು ಆಡಲು ಯಾರ ಪರವಾನಗಿಯನ್ನೂ ಕೇಳಬೇಕಾಗಿರಲಿಲ್ಲ. ನಮ್ಮದು ಶಲವಡಿ ಕಡೆಯ ಜನ ಸಂತೆಗೆ ಬರುವಂಥ ಸಣ್ಣ ಪಟ್ಟಣ. ಓಣಿಯ ಹಿಂದೆ ಎರೆಮಣ್ಣಿನ ಬಯಲಿತ್ತು. ಬೇಸಿಗೆಯಲ್ಲಿ ಅದು ಎಷ್ಟು ಬಾಯಿ ಬಿಡುತ್ತಿತ್ತೆಂದರೆ, ಕುಂಟಾಬಿಲ್ಲೆ ಆಡುವಾಗ ಬಿಲ್ಲೆ ಬಿರುಕಿಗೆ ಬಿತ್ತೋ ಮುಗಿಯಿತು, ಹೊಸದೇ ಹುಡುಕಬೇಕು. ಮಾಳಿಗೆಗಳ ಮೇಲೆ ಶಾವಿಗೆ ಒಣಗುತ್ತಿರುತ್ತಿತ್ತು. ಯಾರದೋ ಮನೆಯಿಂದ ಮೆಣಸಿನಕಾಯಿ ಕುಟ್ಟುವ ಘಾಟು ಬಂದು ನಾವೆಲ್ಲ ಸೀನುತ್ತಲೇ ಆಡುತ್ತಿದ್ದೆವು.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ಪುರಸಭೆಯವರು ಅಲ್ಲಿ ಪಾರ್ಕು ಮಾಡಿದರು. ಸುತ್ತ ತಂತಿ ಬೇಲಿ, ಎರಡು ಜೋಕಾಲಿ, ಒಂದು ಜಾರುಬಂಡಿ, ನಾಲ್ಕು ಸಿಮೆಂಟಿನ ಬೆಂಚು. ನಮಗೆ ಕುಣಿದಾಡುವಷ್ಟು ಖುಷಿ. ಎಲ್ಲ ಮುಗಿದ ಮೇಲೆ ಗೇಟಿಗೆ ಕೀಲಿ ಜಡಿದರು. ಮಾಲಿ ಫಕೀರಪ್ಪ ಕಾಕಾನನ್ನು ಕೇಳಿದೆವು.

“ಉದ್ಘಾಟನಾ ಆಗಬೇಕವಾ. ಎಮ್ಮೆಲ್ಲೆ ಸಾಹೇಬ್ರು ಇನ್ನೂ ತಾರೀಖ ಕೊಟ್ಟಿಲ್ಲ,” ಎಂದ.

“ಯಾವಾಗ ಕೊಡ್ತಾರ್ರಿ?”

“ನನ್ನ ಕೇಳಿ ಕೊಡ್ತಾರೇನು?”

ತಿಂಗಳುಗಟ್ಟಲೆ ತಾರೀಖು ಬರಲಿಲ್ಲ. ಇದ್ದ ಬಯಲೂ ಹೋಯಿತು, ಬಂದ ಜೋಕಾಲಿಯೂ ದಕ್ಕಲಿಲ್ಲ. ಇವತ್ತು ನೆನೆಸಿಕೊಂಡರೂ ಮೈಯೆಲ್ಲ ಉರಿಯುತ್ತದೆ.

ಅಷ್ಟೆಲ್ಲ ಇದ್ದ ಆ ಪಾರ್ಕಿನಲ್ಲಿ ಗಿಡ ಅಂತ ಇದ್ದದ್ದು ಒಂದೇ, ಅದೂ ನನ್ನದು. ಬೇಲಿ ಬರುವುದಕ್ಕೆ ಮುಂಚೆ, ಮಳೆಗಾಲದಲ್ಲಿ, ಶಾಲೆಯ ಬದಾಮಿ ಗಿಡದ ಕೆಂಪು ಹಣ್ಣು ತಿಂದು ಅದರ ಬೀಜವನ್ನು ಬಯಲಿನ ಅಂಚಿಗೆ ಹುಗಿದಿದ್ದೆ. ಸಸಿ ಎದ್ದಿತು. ಬೇಲಿ ಹಾಕುವಾಗ ಅದು ಒಳಗೆ ಸೇರಿತು, ನಾನು ಹೊರಗೆ ಉಳಿದೆ.

ನಮ್ಮ ಓಣಿಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಅಕ್ಕಿ ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು ತಂಬಿಗೆಗೆ ತುಂಬಿಕೊಂಡು ಹೋಗಿ, ತಂತಿಯ ಕೆಳಗೆ ಕೈ ತೂರಿಸಿ ಸುರಿಯುತ್ತಿದ್ದೆ. ಒಮ್ಮೊಮ್ಮೆ ಕುಡಿಯುವ ನೀರನ್ನೂ ಕದ್ದದ್ದುಂಟು.

“ಕುಡ್ಯಾಕ ನೀರಿಲ್ಲ, ಈಕಿ ಊರ ಗಿಡಕ್ಕ ಹಾಕ್ತಾಳಂತ!” ಎಂದು ಅವ್ವ ಬೆನ್ನಿಗೆರಡು ಬಿಗಿದಿದ್ದಳು. ನಾನು ಬಿಡಲಿಲ್ಲ. ಕಾದ ಎರೆಮಣ್ಣಿಗೆ ನೀರು ಬಿದ್ದಾಗಿನ ಆ ವಾಸನೆಗೇ ಮತ್ತೆ ಮತ್ತೆ ಹೋಗುತ್ತಿದ್ದೆ. ಮೇ ತಿಂಗಳ ಹೊತ್ತಿಗೆ ಗಿಡ ನನ್ನ ಸೊಂಟಕ್ಕೆ ಬಂತು, ಒಂದೊಂದು ಎಲೆಯೂ ಅಂಗೈಗಿಂತ ದೊಡ್ಡದು.

ಫಕೀರಪ್ಪ ಕಾಕಾ ನೋಡಿ ನಗುತ್ತಿದ್ದ. “ಹಾಕು ಹಾಕು ತಂಗಿ. ನೆಳ್ಳಾದ ಮ್ಯಾಲೆ ನನಗೂ ಕೂಡ್ರಾಕ ಜಾಗಾ ಕೊಡು.”

“ಕೊಡ್ತೀನ್ರಿ, ಕಾಕಾ.”

ಕೊನೆಗೂ ತಾರೀಖು ಗೊತ್ತಾಯಿತು. ಹಿಂದಿನ ದಿನ ನರ್ಸರಿಯಿಂದ ಟ್ರ್ಯಾಕ್ಟರ್ ತುಂಬ ಕುಂಡಗಳು ಬಂದವು. ಸಾಹೇಬರು ತಮ್ಮ ಕೈಯಾರೆ ಒಂದು ಸಸಿ ನೆಡಬೇಕಲ್ಲ, ಅದಕ್ಕೊಂದು ತಗ್ಗು ತೋಡಬೇಕಾಗಿತ್ತು. ಬೇಸಿಗೆಯ ಎರೆಮಣ್ಣು, ಕಲ್ಲಾಗಿ ಕೂತಿತ್ತು. ಇಬ್ಬರು ಮುಂಜಾನೆಯಿಂದ ಹಾರೆ ಹಾಕಿದರೂ ಗೇಣು ಇಳಿಯಲಿಲ್ಲ.

ಸಂಜೆ ನಾನು ತಂಬಿಗೆ ಹಿಡಿದು ಹೋದಾಗ, ನನ್ನ ಗಿಡವಿದ್ದಲ್ಲಿ ಚೆಂದನೆಯ ದುಂಡು ತಗ್ಗು. ಸುತ್ತ ಸುಣ್ಣ ಬಳಿದಿದ್ದರು. ನನ್ನ ಗಿಡ ಬೇರು ಹರಿದುಕೊಂಡು ಬೇಲಿಯಾಚೆ ಬಿದ್ದಿತ್ತು. ಫಕೀರಪ್ಪ ಕಾಕಾ ನನ್ನ ಮುಖ ನೋಡಲಿಲ್ಲ.

“ಬ್ಯಾರೆ ಎಲ್ಲೂ ಹಾರೆ ಇಳೀಲಿಲ್ಲ ತಂಗಿ. ನೀ ನೀರ ಹಾಕಿದ ಜಾಗಾ ಒಂದ ಮೆತ್ತಗಿತ್ತು.”

“ನಂದು ಅಂತ ಹೇಳಲಿಲ್ಲೇನ್ರಿ?”

“ಹೇಳಿದೆ. ‘ಗಿಡಾ ತಗದು ಗಿಡಾನ ಹಚ್ಚತೀವಲ್ಲ, ಏನಾತು?’ ಅಂದ್ರು ಇಂಜಿನಿಯರ್ರು.”

ಅದನ್ನು ಎತ್ತಿಕೊಂಡು ಅಳುತ್ತ ಮನೆಗೆ ಬಂದೆ. ಬೈಯುತ್ತಿದ್ದ ಅವ್ವನೇ ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ನೆಟ್ಟಳು. ಕುಡಿಯುವ ನೀರಿನ ಕೊಡ ತಂದು ತಾನೇ ಸುರಿದಳು. ಮೂರೇ ದಿನಕ್ಕೆ ಎಲೆಗಳೆಲ್ಲ ಉದುರಿದವು.

ಗಿಡ ಕಿತ್ತ ಮರುದಿನವೇ ಸಾಹೇಬರು ಬಂದಿದ್ದರು. ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಸಸಿಯನ್ನು ತಗ್ಗಿಗಿಟ್ಟರು, ಹಿತ್ತಾಳೆ ಚೊಂಬಿನಿಂದ ಒಂದಿಷ್ಟು ನೀರು ಬಿಟ್ಟರು, ಫೋಟೊ ಹೊಡೆಸಿಕೊಂಡರು. ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು. ಚಪ್ಪಾಳೆ ಅಂದಾಗ ನಾನೂ ತಟ್ಟಿದೆ ನೋಡಿ, ಆ ಸಿಟ್ಟು ನನ್ನ ಮೇಲೆ ನನಗೆ ಇವತ್ತಿಗೂ ಹೋಗಿಲ್ಲ. ಸಂಜೆಗೇ ಟ್ರ್ಯಾಕ್ಟರ್ ಬಂದು ಕುಂಡಗಳನ್ನೆಲ್ಲ ಹೇರಿಕೊಂಡು ಹೋಯಿತು. ಸಾಹೇಬರ ಸಸಿಗೆ ಯಾರೂ ನೀರು ಹಾಕಲಿಲ್ಲ. ನಾನಂತೂ ಹಾಕಲಿಲ್ಲ.

ಈಗಲೂ ನಾನು ಅದೇ ಊರಿನಲ್ಲಿದ್ದೇನೆ. ಜೋಕಾಲಿಯ ಸರಪಳಿ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ, ಒಳಗೆಲ್ಲ ಜಾಲಿ ಬೆಳೆದಿದೆ. ಬಿಸಿಲಲ್ಲಿ ಕಾದ ಬೆಂಚಿನ ಮೇಲೆ ನಾಯಿಯೂ ಮಲಗುವುದಿಲ್ಲ. ಆ ಬದಾಮಿ ಉಳಿದಿದ್ದರೆ ಇಷ್ಟೊತ್ತಿಗೆ ಅದರ ನೆರಳಿನಲ್ಲಿ ಓಣಿಯ ಮಕ್ಕಳೆಲ್ಲ ಆಡಬಹುದಿತ್ತು.

ಮೊನ್ನೆ ಕಸದ ಗಾಡಿಯ ಮೈಕಿನಲ್ಲಿ, ಪ್ರತಿಯೊಬ್ಬರೂ ಒಂದೊಂದು ಗಿಡ ಬೆಳೆಸಿ ಎಂದು ಕೂಗುತ್ತಿದ್ದರು. ಹತ್ತು ವರ್ಷದ ಮಗಳು ಓಡಿ ಬಂದಳು.

“ಅವ್ವಾ, ಪಾರ್ಕಿನ್ಯಾಗ ನಾನೂ ಒಂದು ಹಚ್ಚಲಿ?”

“ಹಿತ್ತಲದಾಗ ಹಚ್ಚು. ಅಲ್ಲಿ ಬ್ಯಾಡ.”

ಅಂದ ಮೇಲೆ ನನಗೇ ಕೆಡುಕೆನಿಸಿತು. ಅವಳ ವಯಸ್ಸಿನಲ್ಲಿ ಪೆಟ್ಟು ತಿಂದಾದರೂ ಊರಿನ ಜಾಗಕ್ಕೆ ನೀರು ಹಾಕಿದವಳು ನಾನು. ಈಗ ಮನೆಯಲ್ಲಿ ಬೋರ್‌ವೆಲ್ ಇದೆ, ಬೇಕಾದಷ್ಟು ನೀರಿದೆ. ಆದರೆ ಕಂಪೌಂಡಿನ ಆಚೆಗೆ ನಾನು ಒಂದು ತಂಬಿಗೆಯನ್ನೂ ಹಾಕುವುದಿಲ್ಲ. ಮಗಳಿಗೂ ಹಾಕಗೊಡಲಿಲ್ಲ.