ಬೀಗರೂಟದ ಒಲೆ

ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಬಾಯ್ಲರಿನಲ್ಲಿ ಕಲ್ಲಿದ್ದಲು ಪೋಲಾಗದಂತೆ ಉಳಿಸುವುದೇ ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೆ ದೊಡ್ಡಬೆಳವಂಗಲದಲ್ಲಿ ಒಂದು ಬೀಗರೂಟಕ್ಕೆ ಹೋದೆ. ಬೀಗರು ಆಗಲೇ ಎಲೆ ಮುಂದೆ ಕೂತಿದ್ದರು. ಮುದ್ದೆಯ ಎಸರು ಮಾತ್ರ ಇನ್ನೂ ಕುದಿ ಬಂದಿರಲಿಲ್ಲ. ಅಡುಗೆಯ ಮುನಿಯಪ್ಪ ಒಲೆಗೆ ಸೌದೆ ತುರುಕುತ್ತಲೇ ಇದ್ದ. ಬರೀ ಹೊಗೆ ಬರುತ್ತಿತ್ತು.

“ಅರ್ಧ ಸೌದೆ ಈಚೆಗೆ ತೆಗಿ,” ಎಂದೆ.

“ಬೆಂಕಿ ಆರ್ಸಕ್ ಬಂದ್ರಾ ಯಜಮಾನ್ರೇ? ಬೀಗ್ರು ನನ್ನೇ ಬೇಯಿಸ್ಬಿಡ್ತಾರೆ!”

ನಾನೇ ನಾಲ್ಕು ಕೊರಡು ಈಚೆಗೆ ಎಳೆದು ಹಾಕಿ, ಬೂದಿ ಕೆರೆದೆ. ಗಾಳಿಯಾಡಿ ಉರಿ ಎದ್ದಿತು. ಸ್ವಲ್ಪ ಹೊತ್ತಿಗೇ ಎಸರು ಕೊತಕೊತ ಕುದಿಯಿತು.

ಸ್ಥಾವರದಲ್ಲಿ ಇದೇ ಮಾತಿಗೆ ಮೇಲಧಿಕಾರಿಗಳನ್ನು ಒಪ್ಪಿಸಲು ವರದಿ ಬರೆದು ಬರೆದು ಸವೆದಿದ್ದೆ. ಮುನಿಯಪ್ಪ ವರದಿ ಕೇಳಲಿಲ್ಲ. ನನ್ನ ಎಲೆಗೆ ಎರಡು ನಲ್ಲಿಮೂಳೆ ಹೆಚ್ಚಿಗೆ ಹಾಕಿದ.