ಕಡಲಿನ ವೈರಸ್ಸಿಗೆ ನಾನಿಟ್ಟ ಕಾಗದದ ಲೋಟ

ನನ್ನ ಕಿರಿ ಮೊಮ್ಮಗಳು ಮನೆಗೆ ಯಾವ ರೋಗವನ್ನೂ ತಂದಿರಲಿಲ್ಲ. ಹೆದರಿದವಳು ನಾನು, ತಪ್ಪು ಮಾಡಿದವಳೂ ನಾನು. ಇದರಲ್ಲಿ ಇನ್ನೇನೂ ಇಲ್ಲ.

ಹಿರಿ ಮೊಮ್ಮಗಳು ಬಾಣಂತನಕ್ಕೆಂದು ಹೊಳವನಹಳ್ಳಿಯ ನಮ್ಮ ಮನೆಯಲ್ಲಿದ್ದಳು. ಮಗುವಿಗೆ ಒಂದೂವರೆ ತಿಂಗಳು. ಕಿರಿಯವಳು ಕಡಲ ಕಡೆಯ ಊರಿನಲ್ಲಿ ಓದುತ್ತಾಳೆ. ಸಮುದ್ರದ ನೀರಿನಲ್ಲಿ ವೈರಸ್ ಹುಡುಕುವುದೇ ಅವಳ ಓದು. ಅಕ್ಕನ ಮಗುವನ್ನು ಎತ್ತಿಕೊಳ್ಳಬೇಕೆಂದು ಒಂದು ರೈಲು, ಎರಡು ಬಸ್ಸು ಹತ್ತಿಳಿದು ಬಂದಳು. ನಾನು ಬಾಗಿಲಲ್ಲೇ ತಡೆದೆ.

"ಲೇ, ಅಲ್ಲೇ ಕೂತ್ಕೊ. ಒಳಗೆ ಎಳೇ ಕೂಸೈತೆ."

ಜಗಲಿಯ ಮೇಲೆ ಕೂತಳು. ಟೀಯನ್ನು ಕಾಗದದ ಲೋಟದಲ್ಲಿ ಕೊಟ್ಟೆ. ಎದುರು ಮನೆಯವಳು ಏನು ಸಮಾಚಾರ ಎಂದಳು. "ಕೊರೊನಾ ಥರದ್ದನ್ನ ಸಾಕೋ ಕೆಲ್ಸ ಕಣಮ್ಮ ಇವ್ಳದು" ಎಂದುಬಿಟ್ಟೆ, ಹುಡುಗಿಗೆ ಕೇಳುವಂತೆಯೇ. ಆಕೆ ಬೀದಿಯಲ್ಲಿ ಆಡುತ್ತಿದ್ದ ತನ್ನ ಮಕ್ಕಳನ್ನು ಒಳಗೆ ಎಳೆದುಕೊಂಡಳು.

"ಅಜ್ಜಿ, ಟೀಗೆ ಸಕ್ಕರೆ ಹಾಕಿದ್ದೀಯಾ, ಇಲ್ಲ ಫಿನಾಯಿಲ್ ಹಾಕಿದ್ದೀಯಾ?" ಎಂದು ಹುಡುಗಿ ನಕ್ಕಳು. "ನಾನು ಒಂದು ವೈರಸ್ಸನ್ನೂ ಕಣ್ಣಲ್ಲಿ ಕಂಡಿಲ್ಲ. ನೀರು ತರೋರು ಬೇರೆ. ಅದರಲ್ಲಿರೋ ಜೀವಿಗಳ, ವೈರಸ್ಸುಗಳ ಡಿಎನ್‌ಎ ಮಿಷಿನ್ನು ಓದಿದ್ದು ಚೂರುಚೂರಾಗಿ ಕಂಪ್ಯೂಟರಿಗೆ ಬರ್ತೈತೆ. ನಾನು ಜೋಡಿಸ್ತೀನಿ, ಅಷ್ಟೇಯ."

"ಆ ವೈರಸ್ಸು ಯಾರಿಗೆ ಅಂಟ್ತೈತೆ?"

"ಕಡಲಲ್ಲಿ ಆರ್ಕಿಯಾ ಅಂತ ಕಣ್ಣಿಗೆ ಕಾಣದ ಜೀವಿಗಳವೆ. ಅವಕ್ಕೆ. ಮೀನಿಗೂ ಇಲ್ಲ, ನಿಂಗೂ ಇಲ್ಲ."

"ಕಾಣದ್ದಕ್ಕೆ ಕಾಣದ್ದು ಅಂಟಿದ್ದು ನಿಂಗೆ ಹೆಂಗೆ ಗೊತ್ತಾಯ್ತು? ಬುಡು ಬುಡು, ನನ್ನ ಕಿವೀಗೆ ಹೂ ಇಡಬ್ಯಾಡ."

ತಂತಿಯ ಮೇಲೆ ಒಣಗುತ್ತಿದ್ದ ಕೌದಿಯನ್ನು ತೋರಿಸಿದಳು. ಹಳೇ ಸೀರೆಗಳ ತುಂಡು ಜೋಡಿಸಿ ಮಗುವಿಗೆಂದು ನಾನೇ ಹೊಲಿದದ್ದು.

"ಆ ಕೌದಿ ಕೊರಟಗೆರೆ ರಸ್ತೇಲಿ ಬಿದ್ದಿದ್ರೆ ಯಾರ ಮನೇದು ಅಂತೀಯ?"

"ನಮ್ದೇಯ. ನನ್ನ ಹಸಿರು ಸೀರೆ ತುಂಡು ಅದ್ರಲ್ಲೈತಲ್ಲ."

"ಅಂಗೇ ಕಣಜ್ಜಿ. ಕೆಲವು ವೈರಸ್ಸು ತಾನು ಹೊಕ್ಕ ಜೀವಿಯಿಂದ ಡಿಎನ್‌ಎದ ಒಂದು ತುಂಡು ಕದ್ದು ತನ್ನಲ್ಲೇ ಇಟ್ಕೊಂಡಿರ್ತೈತೆ. ಆ ತುಂಡು ನೋಡಿ, ಇದು ಇಂಥಾ ಮನೆ ಹೊಕ್ಕಿದ್ದು ಅಂತ ಗುರುತು ಹಿಡಿತೀವಿ."

ನನಗೆ ಅರ್ಥವಾಯಿತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟರೂ ಹೊಲಿಗೆ ಗೊತ್ತು. ಅರ್ಥವಾದ ಮೇಲೂ "ಒಳಗೆ ಬಾ" ಅನ್ನಲಿಲ್ಲ. ಎದುರು ಮನೆಯವಳು ಕಿಟಕಿಯಿಂದ ನೋಡುತ್ತಲೇ ಇದ್ದಳು. ಆಡಿದ ಮಾತನ್ನು ಅವಳೆದುರು ನುಂಗಿಕೊಳ್ಳಲು ನಾಚಿಕೆ. ಈಗ ಆ ನಾಚಿಕೆಯನ್ನು ನೆನೆದರೇ ತಲೆ ತಗ್ಗುತ್ತದೆ.

ಕೆಲವು ವರ್ಷದ ಕೆಳಗೆ ಕೊರೊನಾ ಬಂದು ನಾನು ಹಿಂದಿನ ಕೋಣೆಯಲ್ಲಿ ಬಿದ್ದಿದ್ದಾಗ ನನ್ನ ಮಗ ಗಂಜಿಯನ್ನು ಹೊಸ್ತಿಲಲ್ಲಿಟ್ಟು ಓಡುತ್ತಿದ್ದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಬಂದು ಮೈ ಒರೆಸಿದವಳು ಇದೇ ಹುಡುಗಿ. ಆ ಮಾತನ್ನು ಅವಳು ಎತ್ತಲೇ ಇಲ್ಲ. ಟೀ ಕುಡಿದು, ಲೋಟವನ್ನು ಮಡಚಿ ತಾನೇ ಕಸಕ್ಕೆ ಹಾಕಿದಳು. ರಾತ್ರಿ ಜಗಲಿಯಲ್ಲೇ ಮಲಗಿದಳು.

ಮಾರನೆಯ ಬೆಳಿಗ್ಗೆ ನೀರು ಕಾಯಿಸಿದೆ. ಕೂಸಿಗೆ ದಿನವೂ ನನ್ನ ಕಾಲ ಮೇಲೆಯೇ ಸ್ನಾನ. ಬಾಗಿಲಿಗೆ ಬಂದು ಎದುರು ಮನೆಯವಳನ್ನು ಕೂಗಿ, "ಬಾರಮ್ಮ, ನಿನ್ನೆ ಸುಳ್ಳು ಹೇಳ್ಬುಟ್ಟೆ, ಬಂದು ನೋಡು" ಎಂದೆ. ಅವಳು ಬಂದು ನಿಂತ ಮೇಲೆ ಕಿರಿಯವಳನ್ನು ಬಚ್ಚಲಿಗೆ ಕರೆದು ಕಾಲು ನೀಡಿಸಿ ಕೂರಿಸಿ, ಕೂಸನ್ನು ಆ ಕಾಲ ಮೇಲೆ ಮಲಗಿಸಿ, ನೀರು ಹುಯ್ದೆ.